ಮೂರನೇ ತಿರುವಿನ ಟೀ

ಹ್ಯಾಗ್‌ಲೋ ದಿಣ್ಣೆಯನ್ನು ಸಿರಿಲ್ ಹನ್ನೊಂದು ವರ್ಷ ಹನ್ನೊಂದು ಸಲ ಹತ್ತಿದ್ದ. ಹನ್ನೊಂದು ಸಲವೂ ಅವನ ಕಾರು ಮೂರನೇ ತಿರುವಿನಲ್ಲಿ ನಿಂತಿತ್ತು.

ಕಾರು ಅವನೇ ಕೈಯಾರೆ ಕಟ್ಟಿದ್ದು. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಚಾಸಿಯ ಚೌಕಟ್ಟು, ಫೈಬರ್ ಮೈ, ಗುಜರಿಗೆ ಹೋಗಬೇಕಿದ್ದ ಹಳೇ ಕಾರೊಂದರ ಎಂಜಿನ್, ಇಷ್ಟನ್ನೂ ಜೋಡಿಸುತ್ತಾ ಮೂರು ಚಳಿಗಾಲ ಶೆಡ್ಡಿನಲ್ಲೇ ಕಳೆದಿದ್ದ. ಹಸಿರು ಬಣ್ಣದ, ಎರಡೇ ಸೀಟಿನ ಚಂದದ ಗಾಡಿ. ಡರ್ಬಿಶೈರ್ ಜಿಲ್ಲೆಯ ಸಪಾಟು ರಸ್ತೆಗಳಲ್ಲಿ ಒಂದು ಮಾತಿಲ್ಲದೆ ಓಡುತ್ತಿತ್ತು. ಜೂನ್ ತಿಂಗಳಲ್ಲಿ ಕ್ಲಬ್ಬಿನವರೆಲ್ಲ ತಾವು ಕಟ್ಟಿದ ಕಾರುಗಳನ್ನು ಸಾಲಾಗಿ ದಿಣ್ಣೆ ಹತ್ತಿಸುವ ಆ ಒಂದು ಭಾನುವಾರ ಮಾತ್ರ ಹಾಳಾದ್ದು ಎರಡನೇ ತಿರುವಿನಲ್ಲಿ ಕೆಮ್ಮಲು ಶುರುಮಾಡಿ, ಮೂರನೆಯದರಲ್ಲಿ ಕೈಕೊಡುತ್ತಿತ್ತು.

"ಬಂಕಿನೋರು ಪೆಟ್ರೋಲಿಗೆ ಏನು ಕಲಸ್ತಾರೋ ದೇವರಿಗೇ ಗೊತ್ತು!" ಎಂದು ಸಿರಿಲ್ ಬಾನೆಟ್ ಎತ್ತುತ್ತಿದ್ದ.

"ಕಾಲ ಕೆಟ್ಟೋಯ್ತು ಬಿಡು," ಎಂದು ಕ್ಲಬ್ಬಿನ ಅಧ್ಯಕ್ಷ ಹ್ಯೂಬರ್ಟ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ. ಅವನ ಹೆಂಡತಿ ಐವಿ ಒಣದ್ರಾಕ್ಷಿ ಕೇಕಿನ ಡಬ್ಬ ತೆಗೆಯುತ್ತಿದ್ದಳು. ಹುಲ್ಲಿನ ಮೇಲೆ ಅರ್ಧ ಗಂಟೆ ಟೀ, ಹರಟೆ, ಒಬ್ಬರು ಇನ್ನೊಬ್ಬರ ಕಾಲೆಳೆಯುವುದು. ಆಮೇಲೆ ಸಿರಿಲ್ ಕೀ ತಿರುಗಿಸಿದರೆ ಕಾರು ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತಿತ್ತು. "ನೋಡಿದ್ರಾ, ಕಸವೆಲ್ಲ ಕೆಳಗೆ ಕೂತ್ಕೊಳ್ತು," ಎನ್ನುತ್ತಿದ್ದ. ಯಾರೂ ಅಲ್ಲ ಎನ್ನುತ್ತಿರಲಿಲ್ಲ.

ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವನು ಸಿರಿಲ್. ಎಂಜಿನ್ ವಿಷಯಕ್ಕೆ ಬಂದರೆ ಕ್ಲಬ್ಬಿನಲ್ಲಿ ಅವನು ಹೇಳಿದ್ದೇ ಕೊನೆ. ಜಂಭವೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಒಂದೇ ಒಂದು ಸಲ, ಸಾಯುವುದರೊಳಗೆ ಒಂದೇ ಸಲ, ನಿಲ್ಲದೆ ದಿಣ್ಣೆಯ ತುದಿ ಮುಟ್ಟಬೇಕೆಂಬ ಆಸೆ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಅದನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಹನ್ನೊಂದನೇ ವರ್ಷದ ಶರತ್ಕಾಲದಲ್ಲಿ ಮೇವಿಸ್ ಕ್ಲಬ್ಬಿಗೆ ಸೇರಿದಳು. ಕಾಲುಚೀಲದ ಮಿಲ್ಲಿನಲ್ಲಿ ಹೆಣೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವಳು, ಆಗಷ್ಟೇ ನಿವೃತ್ತಿಯಾಗಿದ್ದಳು. ಬಂದ ಮೊದಲ ದಿನವೇ ನೋಟ್‌ಬುಕ್ ಹಿಡಿದು ಸಿರಿಲ್ ಮುಂದೆ ಕೂತಳು.

"ನಾನೂ ಒಂದು ಕಾರು ಕಟ್ತಿದೀನಿ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸೋ ಪಂಪ್ ಎಲ್ಲಿ ಕೂರಿಸಬೇಕು ಅಂತ ತಿಳೀತಾ ಇಲ್ಲ. ನೀವೇ ಹೇಳ್ಬೇಕು."

"ಬಾನೆಟ್ ಕೆಳಗೆ, ಎಂಜಿನ್ ಪಕ್ಕದಲ್ಲಿ," ಎಂದ ಸಿರಿಲ್ ಕೈಯಲ್ಲೇ ಜಾಗ ತೋರಿಸುತ್ತಾ. "ಬಸ್ಸುಗಳಲ್ಲೂ ಅಲ್ಲೇ ಇರ್ತಿತ್ತು. ಬಾನೆಟ್ ಎತ್ತಿದ್ರೆ ಕೈಗೆ ಸಿಗ್ಬೇಕು ಕಣಮ್ಮಾ. ಹಿಂದೆ ಎಲ್ಲೋ ಬಚ್ಚಿಟ್ರೆ, ಕೆಟ್ಟ ದಿವಸ ಮಳೇಲಿ ಅಂಗಾತ ಮಲಗ್ಬೇಕಾಗುತ್ತೆ."

ಅವಳು ಅಷ್ಟನ್ನೂ ಬರೆದುಕೊಂಡು ಥ್ಯಾಂಕ್ಸ್ ಹೇಳಿ ಹೋದಳು. ಸಿರಿಲ್‌ಗೆ ಅಂದು ರಾತ್ರಿ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಫೆಬ್ರವರಿಯಲ್ಲಿ ಅವಳ ಗ್ಯಾರೇಜಿಗೆ ಹೋದವನು ಬಾನೆಟ್ ಎತ್ತಿ ನೋಡಿದ. ಪಂಪು ಬಾನೆಟ್ ಕೆಳಗೆ ಇರಲೇ ಇಲ್ಲ. ಕಾರಿನ ಬೆನ್ನಿಗೆ, ಟ್ಯಾಂಕಿನ ಮಗ್ಗುಲಲ್ಲಿ, ಟ್ಯಾಂಕಿನ ತಳಕ್ಕಿಂತ ನಾಲ್ಕು ಬೆರಳು ಕೆಳಗೆ ಕೂತಿತ್ತು.

"ನಿಮ್ಮ ಮಾತಿನ ಮೇಲೆ ಅಪನಂಬಿಕೆ ಅಂತಲ್ಲ," ಎಂದಳು ಮೇವಿಸ್, ಕೈ ಒರೆಸಿಕೊಳ್ಳುತ್ತಾ. "ನಾನು ಪಂಪನ್ನೂ ಒಂದು ಮಾತು ಕೇಳಿದೆ, ಅಷ್ಟೆ."

ಕೇಳಿದ ರೀತಿ ಹೀಗಿತ್ತು. ಪಂಪಿನ ಅಳತೆಗೇ ಸರಿಯಾಗಿ ಒಂದು ಮರದ ತುಂಡು ಕೆತ್ತಿಕೊಂಡಿದ್ದಳು. ಮೂರು ವಾರ ಆ ತುಂಡನ್ನು ಚಾಸಿಯ ಮೂಲೆಮೂಲೆಗೂ ಟೇಪು ಹಚ್ಚಿ ಅಂಟಿಸಿ ನೋಡಿದ್ದಳು. ಇಲ್ಲಿ ಚಕ್ರಕ್ಕೆ ಸಿಕ್ಕ ಕಲ್ಲು ಸಿಡಿಯುತ್ತದೆ, ಅಲ್ಲಿ ಸೈಲೆನ್ಸರ್ ಪೈಪಿನ ಬಿಸಿ ತಗಲುತ್ತದೆ, ಮತ್ತೊಂದು ಕಡೆ ಸ್ಪ್ಯಾನರ್ ತಿರುಗಿಸಲು ಕೈ ಹೋಗುವುದಿಲ್ಲ. ಅಷ್ಟಾದ ಮೇಲೆ ಅಸಲಿ ಪಂಪನ್ನು ಬ್ಯಾಟರಿಗೆ ಕಟ್ಟಿ, ಪಾರದರ್ಶಕ ಕೊಳವೆ ಸಿಕ್ಕಿಸಿ, ಜಾಡಿಯಲ್ಲಿದ್ದ ಪೆಟ್ರೋಲನ್ನು ಎಳೆಸಿ ನೋಡಿದ್ದಳು. ಅದೂ ಬಾಗಿಲು ತೆಗೆದಿಟ್ಟು, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು.

"ತಳ್ಳು ಅಂದ್ರೆ ಗಟ್ಟಿಗ. ಎಳಿ ಅಂದ್ರೆ ಶುದ್ಧ ಸೋಮಾರಿ," ಎಂದಳು. "ಅದಕ್ಕೇ ಟ್ಯಾಂಕಿನ ಕಾಲ ಬುಡದಲ್ಲೇ ಕೂರಿಸ್ದೆ. ಪೆಟ್ರೋಲ್ ತಾನಾಗೇ ಬಂದು ಬಾಯಿಗೆ ಬೀಳುತ್ತೆ, ಅದು ತಳ್ತಾ ಇದ್ರೆ ಸಾಕು."

ಸಿರಿಲ್ ಅಂಗಾತ ಮಲಗಿ ಟಾರ್ಚು ಬಿಟ್ಟ. ತಪ್ಪು ಹುಡುಕಲೆಂದೇ ಮಲಗಿದ್ದು. ಪಂಪಿನ ಅಡಿ ರಬ್ಬರಿನ ಮೆತ್ತೆ ಇತ್ತು. ಅದರ ಮುಂದೆ ಒಂದು ಫಿಲ್ಟರ್. ಕ್ಲಿಪ್ಪುಗಳ ತಲೆಯೆಲ್ಲ ಒಂದೇ ಕಡೆಗೆ, ಒಂದೇ ಸ್ಕ್ರೂಡ್ರೈವರಿಗೆ ಸಿಗುವ ಹಾಗೆ. ಕಾರು ಗುದ್ದಿಕೊಂಡರೆ ವಿದ್ಯುತ್ ತಾನೇ ಕಡಿದುಹೋಗುವ ಸ್ವಿಚ್ಚು ಕೂಡ ಹಾಕಿದ್ದಳು. ಡಿಪೋದಲ್ಲಿ ತನ್ನ ಕೈಕೆಳಗೆ ಇಂಥವಳೊಬ್ಬಳಿದ್ದಿದ್ದರೆ! ಎನ್ನಿಸಿತು ಅವನಿಗೆ. ಹೊಟ್ಟೆಕಿಚ್ಚೂ ಆಯಿತು, ಮೆಚ್ಚುಗೆಯೂ ಆಯಿತು. ಕಡೆಗೆ ಮೆಚ್ಚುಗೆಯೇ ಗೆದ್ದಿತು, ಆದರೆ ಅದು ಬಾಯಿಗೆ ಬರಲಿಲ್ಲ.

"ಬೆಂಚಿನ ಮೇಲಿನ ಆಟ ಬೇರೆ, ದಿಣ್ಣೆ ಬೇರೆ," ಎಂದಷ್ಟೇ ಹೇಳಿ ಎದ್ದು ಬಂದ.

ಜೂನ್ ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು. ಮುಂದೆ ಸಿರಿಲ್, ಅವನ ಹಿಂದೆ ಮೇವಿಸ್, ಅವಳ ಹಿಂದೆ ಉಳಿದವರು. ಎರಡನೇ ತಿರುವಿನಲ್ಲಿ ಅವನ ಪಂಪಿನ ಟಕಟಕ ಸದ್ದು ಜೋರಾಯಿತು. "ಬೇಡ ಕಣೇ, ಇವತ್ತೊಂದು ದಿನ ಮಾನ ಉಳಿಸೇ," ಎಂದು ಸಿರಿಲ್ ಸ್ಟೀರಿಂಗ್ ಸವರಿದ. ಮೂರನೇ ತಿರುವಿನಲ್ಲಿ ಕಾರು ಎರಡು ಸಲ ಮುಗ್ಗರಿಸಿ ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ಮೇವಿಸ್‌ಳ ಕೆಂಪು ಕಾರು ಅವನನ್ನು ದಾಟಿಕೊಂಡು, ಒಂದು ಕೆಮ್ಮೂ ಇಲ್ಲದೆ, ಸೀದಾ ತುದಿಗೆ ಹೋಯಿತು.

ಹತ್ತು ನಿಮಿಷದಲ್ಲಿ ಅವಳು ವಾಪಸು ಇಳಿದು ಬಂದಳು.

"ಏನಾಯ್ತು? ಎಲ್ಲರದ್ದೂ ಒಟ್ಟಿಗೇ ಕೆಟ್ಟೋಯ್ತಾ?" ಎಂದು ಇಳಿಯುತ್ತಲೇ ಕೂಗಿದಳು. "ಮೇಲೆ ಒಬ್ಳೇ ಕೂತು ಬೇಜಾರಾಯ್ತಪ್ಪ!"

ಐವಿ ಕೇಕು ಕತ್ತರಿಸುವುದರಲ್ಲೇ ಮುಳುಗಿದಳು. ಹ್ಯೂಬರ್ಟ್ ಆಕಾಶ ನೋಡಿದ.

ಸಿರಿಲ್ ಬಾನೆಟ್ಟಿನ ಸಂದಿಯಿಂದ ಅವರತ್ತ ಒಮ್ಮೆ ಕಣ್ಣಾಡಿಸಿದ. ಅಷ್ಟರಲ್ಲಾಗಲೇ ಹಾಸು ಹಾಸಿಯಾಗಿತ್ತು, ಮಡಚುವ ಕುರ್ಚಿಗಳು ಬಿಚ್ಚಿಕೊಂಡಿದ್ದವು, ಲೋಟಗಳು ಸಾಲಾಗಿ ಕೂತಿದ್ದವು. ಕೇಕು ಮನೆಯಿಂದಲೇ ಬಂದಿತ್ತು, ಪ್ರತಿ ವರ್ಷವೂ ಹಾಗೆಯೇ. ಇವರು ಅವನ ಕಾರು ನಿಂತಿತೆಂದು ಟೀ ಕುಡಿಯುತ್ತಿರಲಿಲ್ಲ. ನಿಲ್ಲುತ್ತದೆಂದು ಗೊತ್ತಿದ್ದೇ ಟೀ ಕಟ್ಟಿಕೊಂಡು ಬರುತ್ತಿದ್ದರು. ಅರ್ಧ ಗಂಟೆ ಬೇಕೆಂದೂ ಅವರಿಗೆ ಗೊತ್ತಿತ್ತು.

"ಹ್ಯೂಬರ್ಟ್," ಎಂದ ಸಿರಿಲ್. "ಎಷ್ಟು ವರ್ಷದಿಂದ ಗೊತ್ತು?"

"ಏನು ಗೊತ್ತು?"

"ನಾಟಕ ಆಡ್ಬೇಡ ಕಣೋ."

ಹ್ಯೂಬರ್ಟ್ ಮುಖ ಕೆಂಪಗಾಯಿತು. "ಎರಡನೇ ವರ್ಷದಿಂದ," ಎಂದ ಮೆಲ್ಲಗೆ. "ನೀನು ಅಷ್ಟು ಖುಷಿಯಾಗಿ ಆ ಪಂಪನ್ನ ತೋರಿಸ್ತಿದ್ದೆ. ತಪ್ಪು ಅದರದ್ದೇ ಅಂತ ಹೆಂಗಯ್ಯಾ ಹೇಳೋದು?"

ಕ್ಲಬ್ಬಿನ ಒಂಬತ್ತು ಜನ ಹತ್ತು ವರ್ಷ ತನ್ನ ಮರ್ಯಾದೆಯನ್ನು ಕೇಕಿನ ಡಬ್ಬದಲ್ಲಿ ಇಟ್ಟು ಕಾಪಾಡಿದ್ದರು. ಸಿರಿಲ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೂಗು ಒರೆಸಿಕೊಂಡು ಮೇವಿಸ್ ಕಡೆ ತಿರುಗಿದ.

"ನೋಡಮ್ಮಾ, ನೀನೇ ಹೇಳು."

ಅವಳು ಬಾನೆಟ್ಟಿನೊಳಗೆ ಬಗ್ಗಿ ಪಂಪಿನ ಹತ್ತಿರ ಅಂಗೈ ಹಿಡಿದು, ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಅಯ್ಯೋ, ಒಲೆ ಪಕ್ಕ ಕೂರಿಸಿದೀರಲ್ಲಾ! ಈ ಬಿಸಿಗೆ ಪೆಟ್ರೋಲ್ ಪೈಪಲ್ಲೇ ಕುದ್ದು ಆವಿ ಆಗುತ್ತೆ. ಸೋಮಾರಿಗೆ ಅದನ್ನ ಎಳೆಯೋಕಾಗಲ್ಲ. ಟೀ ಕುಡಿಯೋ ಹೊತ್ತಿಗೆ ಆರುತ್ತೆ, ಮತ್ತೆ ಹೊರಡುತ್ತೆ." ಬಾನೆಟ್ಟಿನಿಂದ ತಲೆಯೆತ್ತಿ, "ಆ ಮರದ ತುಂಡು ಇನ್ನೂ ಇಟ್ಟಿದೀನಿ. ತಗೊಂಡು ಹೋಗಿ," ಎಂದಳು.

ಆ ಚಳಿಗಾಲ ಸಿರಿಲ್ ಮರದ ತುಂಡನ್ನು ತನ್ನ ಕಾರಿನ ಬೆನ್ನಿಗೆ ಅಂಟಿಸುತ್ತಾ ಕೀಳುತ್ತಾ ಎರಡು ವಾರ ಕಳೆದ. ನಾಲ್ಕು ಬೆರಳಿನ ಅಳತೆಗೆ ಮೇವಿಸ್ ಬಂದು ತನ್ನದೇ ಬೆರಳಿಟ್ಟು ನೋಡಿ, "ಈಗ ಸರಿ," ಎಂದ ಮೇಲೆಯೇ ತೂತು ಕೊರೆದ.

ಮತ್ತೆ ಜೂನ್ ಬಂತು, ಅದೇ ಉರಿಬಿಸಿಲು. ಮೊದಲ ತಿರುವು ಹೋಯಿತು. ಎರಡನೆಯದರಲ್ಲಿ ಕೆಮ್ಮಲಿಲ್ಲ. ಬೆನ್ನ ಹಿಂದೆ ಪಂಪು ಒಂದೇ ಸಮನೆ ಟಕಟಕ ಎನ್ನುತ್ತಿತ್ತು. ಮೂರನೆಯದು ಬಂದಾಗ ಎಂಜಿನ್ ಹಾಡಿಕೊಂಡು ಏರುತ್ತಿತ್ತು. ದಿಣ್ಣೆಯ ತುದಿ, ಅಲ್ಲಿನ ಕಲ್ಲಿನ ಗೋಡೆ, ಎಲ್ಲ ಕಣ್ಣಿಗೆ ಬಿದ್ದವು. ಇನ್ನೇನು ಅರ್ಧ ಮೈಲಿ. ಅವನ ಕಣ್ಣು ಮಂಜಾಯಿತು.

ಕನ್ನಡಿಯಲ್ಲಿ ಹಿಂದೆ ನೋಡಿದ. ಸಾಲಿಗೆ ಸಾಲೇ ವೇಗ ತಗ್ಗಿಸಿತ್ತು. ಅಭ್ಯಾಸಬಲವೋ ಏನೋ, ಹ್ಯೂಬರ್ಟನ ಇಂಡಿಕೇಟರ್ ಮಿಣಕ್ ಮಿಣಕ್ ಎನ್ನುತ್ತಿತ್ತು. ಪಕ್ಕದಲ್ಲಿ ಕೂತ ಐವಿ ಕೇಕಿನ ಡಬ್ಬವನ್ನು ಎದೆಗೆ ಅವಚಿಕೊಂಡಿದ್ದಳು.

ಸಿರಿಲ್ ಗಾಡಿಯನ್ನು ಪಕ್ಕಕ್ಕೆ ತೆಗೆದು ಕೀ ತಿರುಗಿಸಿ ಎಂಜಿನ್ ಆರಿಸಿದ.

ಹ್ಯೂಬರ್ಟ್ ಓಡೋಡಿ ಬಂದ. "ಏನಾಯ್ತೋ? ಚೆನ್ನಾಗೇ ಏರ್ತಾ ಇತ್ತಲ್ಲೋ!"

"ಏನು ಹೇಳ್ಲಿ ಮಾರಾಯ," ಎಂದ ಸಿರಿಲ್, ಕುರ್ಚಿ ಬಿಚ್ಚುತ್ತಾ. "ಪೆಟ್ರೋಲೇ ಸರಿಯಿಲ್ಲ. ಟೀ ಬಗ್ಗಿಸು."