ಅರಿಶಿನ ಕುಡಿದ ಕುಂಟೆ

ನಮ್ಮೂರಿನ ಮಳೆ ಎಂಥದ್ದೆಂದು ನೋಡದವರಿಗೆ ಹೇಳಿದರೆ ನಂಬುವುದಿಲ್ಲ. ಮಾಕಳಿದುರ್ಗದ ಈಚೆ ಮಗ್ಗುಲಲ್ಲಿ, ಬೋಳು ಗುಡ್ಡದ ಬುಡಕ್ಕೇ ಊರು. ಗುಡ್ಡದ ಮೇಲೆ ಬಿದ್ದ ನೀರನ್ನು ತಡೆಯಲು ಒಂದು ಪೊದೆಯೂ ಇರಲಿಲ್ಲ. ಹನಿ ನೆಲ ಮುಟ್ಟುವ ಮೊದಲೇ ನೀರು ನಮ್ಮ ಬೀದಿಗೆ ಬಂದಿರುತ್ತಿತ್ತು. ಒಂದು ಸಲ ಊರ ಯಜಮಾನ ಅಪ್ಪಯ್ಯಣ್ಣ ಮನೆಮುಂದೆ ಮಂಚ ಹಾಕಿಕೊಂಡು ಮಧ್ಯಾಹ್ನದ ನಿದ್ದೆ ಹೊಡೆಯುತ್ತಿದ್ದವನು, ಎಚ್ಚರವಾದಾಗ ಊರಾಚೆಯ ಹುಣಸೆಮರದ ಕೆಳಗಿದ್ದ. ಮಂಚವೂ ಇತ್ತು, ದಿಂಬೂ ಇತ್ತು, ದಿಂಬಿನ ಪಕ್ಕ ಯಾರದೋ ಮನೆಯ ಕೋಳಿಯೂ ಇತ್ತು. ಕೋಳಿ ತನ್ನದೇ ಎಂದು ಅಪ್ಪಯ್ಯಣ್ಣ ಸಾಧಿಸಿದ.

ಅಷ್ಟು ನೀರು ಹರಿದುಹೋದ ಮಾರನೆಯ ದಿನ ಹೆಂಗಸರು ಬಾವಿಯ ತಳದಲ್ಲಿ ಬಿಂದಿಗೆ ಕೆರೆಸುತ್ತಿದ್ದರು. ಅದೇನು ವಿಚಿತ್ರವೋ, ನಮಗೆ ಆಗ ತಿಳಿಯಲಿಲ್ಲ.

ಎಲ್ಲರಿಗಿಂತ ಹೆಚ್ಚು ಕೆರೆಸುತ್ತಿದ್ದವಳು ನಮ್ಮ ಅತ್ತಿಗೆ ಮುನಿಲಕ್ಷ್ಮಮ್ಮ. ಅವಳು ದೇವನಹಳ್ಳಿ ಕಡೆಯವಳು. ಮದುವೆಯಾಗಿ ಬಂದ ವರ್ಷ ತವರಿನಿಂದ ಚಕ್ಕೋತದ ಸಸಿಗಳನ್ನು ತಂದು, ಗುಡ್ಡಕ್ಕೂ ಊರಿಗೂ ನಡುವೆ ಇರುವ ನಮ್ಮ ತೋಟದಲ್ಲಿ ನೆಟ್ಟಳು. ಚಕ್ಕೋತಕ್ಕೆ ದೇವನಹಳ್ಳಿ ಮಣ್ಣೇ ಆಗಬೇಕು, ಇಲ್ಲಿ ಉಳಿಯುವುದಿಲ್ಲ ಎಂದು ಊರೆಲ್ಲ ಹೇಳಿತು. ಅವಳು ಮಾತಾಡದೆ ವರ್ಷಗಟ್ಟಲೆ ನೀರು ಹೊತ್ತಳು. ಸೀಮೆಎಣ್ಣೆಗೆ ಕಂಟ್ರೋಲು ಬಂದಿದ್ದ ಆ ಯುದ್ಧದ ವರ್ಷ ಗಿಡಗಳು ಮೊದಲ ಸಲ ಹೂ ಬಿಟ್ಟು ನಿಂಬೆ ಗಾತ್ರದ ಕಾಯಿ ಕಚ್ಚಿದ್ದವು. ತೋಟದ ಬಾವಿಯೋ ತಳ ಕಂಡಿತ್ತು. ಬಾವಿ ಬತ್ತಿದರೆ ಮೊದಲು ಕಾಯಿ ಉದುರುತ್ತದೆ, ಆಮೇಲೆ ಗಿಡ ಒಣಗುತ್ತದೆ. ಅತ್ತಿಗೆಗೆ ಹಗಲೆಲ್ಲ ಅದೊಂದೇ ಚಿಂತೆ.

ಆ ಚಳಿಗಾಲದಲ್ಲಿ ನೀರಗಂಟಿ ಬೈರಣ್ಣ ಒಂದು ಮಾತು ತೆಗೆದ. ಕೆರೆಯ ತೂಬು ತೆಗೆದು ಗದ್ದೆಗದ್ದೆಗೂ ನೀರು ಹಂಚುವುದು ಅವನ ಮನೆತನದ ಕೆಲಸ. ನೀರು ಹಿಡಿದಿಡುವುದೆಂದರೆ ಅವನಿಗೆ ಮರ್ಯಾದೆಯ ವಿಷಯ. ಗುಡ್ಡದ ನೀರು ಬೀದಿಗೆ ಇಳಿಯುವ ಮೊದಲೇ ಮೇಲೆ ಒಂದು ಕುಂಟೆ ತೋಡಿ ತಡೆಯೋಣ, ಬೀದಿಯೂ ಉಳಿಯುತ್ತದೆ, ಕುರಿಗಳಿಗೆ ನೀರೂ ಆಗುತ್ತದೆ ಎಂದ. ಊರೆಲ್ಲ ಗುದ್ದಲಿ ಹಿಡಿಯಿತು. ಅತ್ತಿಗೆಯ ತೋಟದ ಮೇಲುಗಡೆ, ಗರಸು ನೆಲದಲ್ಲಿ, ಆನೆ ಮಲಗುವಂಥ ಗುಂಡಿ ತೋಡಿದೆವು. ನಾನು ಒಬ್ಬನೇ ಅರ್ಧ ತೋಡಿದೆ ಎಂದರೆ ಉಳಿದವರು ಒಪ್ಪುವುದಿಲ್ಲ, ಇರಲಿ.

ಭರಣಿ ಮಳೆ ಬಿತ್ತು. ತೆಂಗಿನಕಾಯಿ ಒಡೆಯುವಂಥ ಹನಿಗಳು. ಗುಡ್ಡದ ನೀರೆಲ್ಲ ಕುಂಟೆಗೆ ನುಗ್ಗಿ ಅಲ್ಲೇ ನಿಂತಿತು. ಬೀದಿಯಲ್ಲಿ ಧೂಳು ನೆನೆದಿತ್ತು, ಅಷ್ಟೇ. ಬೈರಣ್ಣನನ್ನು ಹೆಗಲ ಮೇಲೆ ಹೊತ್ತು ಊರು ಸುತ್ತಿಸಿದೆವು.

ಎರಡು ಮೂರು ದಿನ ಕಳೆದು ನೋಡಿದರೆ ಕುಂಟೆ ಖಾಲಿ. ಹನಿ ನೀರಿಲ್ಲ. ಏರಿ ಒಡೆದಿರಲಿಲ್ಲ, ಯಾರೂ ಮೊಗೆದಿರಲಿಲ್ಲ. ಬೈರಣ್ಣ ಕುಂಟೆಯೊಳಗೆ ಇಳಿದು, ಬಗ್ಗಿ, ನೆಲಕ್ಕೆ ಕಿವಿಯಿಟ್ಟು ಕೇಳಿದ. ಏನು ಕೇಳಿಸಿತೆಂದು ವಿಚಾರಿಸಿದರೆ ಏನೂ ಇಲ್ಲವೆಂದ. ಇಲಿ ಬಿಲದಿಂದ ಹೋಗಿದೆ ಎಂದರು ಕೆಲವರು. ಕೋಲಾರದ ಚಿನ್ನದ ಗಣಿಯವರು ಅಷ್ಟು ಆಳಕ್ಕೆ ತೋಡಿದ್ದಾರಲ್ಲ, ನಮ್ಮ ನೀರು ಅಲ್ಲಿಗೇ ಸೋರುತ್ತಿರಬೇಕು ಎಂದು ನಾನು ಹೇಳಿದೆ. ಇದನ್ನು ತುಂಬ ಜನ ನಂಬಿದರು. ಕುರಿ ಸಾಕಿದ್ದ ರಾಮಾಂಜಿನಪ್ಪ ಮಾತ್ರ ಬೈರಣ್ಣನನ್ನೇ ಹಿಡಿದುಕೊಂಡ.

"ಏನ್ ಬೈರಣ್ಣ, ಕುಂಟೆ ಕಟ್ಟು ಅಂದ್ರೆ ಜರಡಿ ಕಟ್ಟಿದ್ದೀಯಲ್ಲಪ್ಪ."

ಬೈರಣ್ಣ ಅವತ್ತಿನಿಂದ ತಲೆ ತಗ್ಗಿಸಿಕೊಂಡು ಓಡಾಡತೊಡಗಿದ.

ಅತ್ತ ಅತ್ತಿಗೆಯ ಬಾವಿಯಲ್ಲಿ ನೀರು ಏರಿತ್ತು. ಬಿಂದಿಗೆ ಬಿಟ್ಟರೆ ಹಗ್ಗ ಅರ್ಧಕ್ಕೇ ಸಡಿಲವಾಗುತ್ತಿತ್ತು. ಕುಂಟೆಯ ನೀರೇ ಬಂದಿರಬಹುದಾ ಎಂದು ಅವಳು ಕೇಳಿದಳು. ಇದನ್ನು ತೀರ್ಮಾನಿಸಲು ಅಪ್ಪಯ್ಯಣ್ಣ ಒಂದು ಉಪಾಯ ಹೇಳಿದ. ಮುಂದಿನ ಮಳೆಗೆ ಕುಂಟೆ ತುಂಬಿದಾಗ ಅರಿಶಿನ ಕದಡೋಣ. ನೀರು ಎಲ್ಲಿಗೆ ಹೋಗುತ್ತದೋ ಅಲ್ಲಿ ಹಳದಿ ಕಾಣಲೇಬೇಕು.

ಕೃತ್ತಿಕೆ ಮಳೆಗೆ ಕುಂಟೆ ತುಂಬಿತು. ಮನೆಮನೆಯಿಂದ ಹೆಂಗಸರು ಅರಿಶಿನ ತಂದು ಸುರಿದರು. ಕುಂಟೆ ಮದುವೆ ಹೆಣ್ಣಿನ ಹಾಗೆ ಹೊಳೆಯಿತು. ರಾಮಾಂಜಿನಪ್ಪನ ಕುರಿಗಳು ಹೋಗಿ ಕುಡಿದು ಮೂತಿಯೆಲ್ಲ ಹಳದಿ ಮಾಡಿಕೊಂಡವು. ಅವನ್ನು ದೊಡ್ಡಬಳ್ಳಾಪುರದ ಸಂತೆಗೆ ಹೊಡೆದುಕೊಂಡು ಹೋದರೆ, ಯಾವುದೋ ದೇವರಿಗೆ ಬಿಟ್ಟ ಕುರಿಗಳೆಂದು ಹೆದರಿ ಒಬ್ಬರೂ ಮುಟ್ಟಲಿಲ್ಲವಂತೆ. ಎಲ್ಲವನ್ನೂ ವಾಪಸು ಹೊಡೆದುಕೊಂಡು ಬಂದ.

ಕುಂಟೆ ಮತ್ತೆ ಬತ್ತಿತು. ನಾವು ಊರಿನ ಬಾವಿಗಳಿಗೆಲ್ಲ ಹೋಗಿ ಇಣುಕಿದೆವು. ಅತ್ತಿಗೆಯ ಬಾವಿಯಿಂದ ಒಂದು ಚೊಂಬು ಸೇದಿ ಬಿಸಿಲಿಗೆ ಹಿಡಿದು ನೋಡಿದೆವು, ಮೂಸಿದೆವು, ಕುಡಿದೆವು. ಹಳದಿಯೂ ಇಲ್ಲ, ವಾಸನೆಯೂ ಇಲ್ಲ. ಎಳನೀರಿನಷ್ಟು ತಿಳಿ. ಅಲ್ಲಿಗೆ ಇತ್ಯರ್ಥವಾಯಿತು. ಕುಂಟೆಯ ನೀರು ಯಾರಿಗೂ ಆಗದೆ ಹಾಳಾಗಿ ಹೋಗುತ್ತಿದೆ, ಸೋರುವುದನ್ನು ನಿಲ್ಲಿಸಲೇಬೇಕು.

ಅದು ಬೈರಣ್ಣನಿಗೆ ಗೊತ್ತಿದ್ದ ಕೆಲಸ. ಕೆರೆಯಿಂದ ಗಾಡಿಗಟ್ಟಲೆ ಜೇಡಿಮಣ್ಣು ತಂದು ಕುಂಟೆಯ ತಳಕ್ಕೆಲ್ಲ ಹರಡಿಸಿದ. ನೀರು ಚಿಮುಕಿಸಿ, ರಾಮಾಂಜಿನಪ್ಪನ ಕುರಿಮಂದೆಯನ್ನೇ ಒಳಗೆ ಹೊಡೆಸಿ, ಸುತ್ತಿ ಸುತ್ತಿ ತುಳಿಸಿದ. ತಳ ಹಂಚಿನ ಹಾಗೆ ಗಟ್ಟಿಯಾಯಿತು. ರೋಹಿಣಿ ಮಳೆಗೆ ಕುಂಟೆ ತುಂಬಿತು, ತುಂಬಿದ್ದು ತುಂಬಿದಂತೆಯೇ ನಿಂತಿತು. ಪಕ್ಕದ ಊರಿನವರೆಲ್ಲ ನೋಡಲು ಬಂದರು. ಬೈರಣ್ಣನ ಮೀಸೆ ಮತ್ತೆ ಮೇಲಕ್ಕೆ ತಿರುಗಿತು.

ಆಮೇಲೆ ಮಳೆ ಹಿಂದೆಗೆಯಿತು. ಅತ್ತಿಗೆಯ ಬಾವಿ ಇಳಿಯತೊಡಗಿತು. ಅವಳು ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿದಳು. ಚಕ್ಕೋತದ ಎಲೆ ಸುರುಟಿಕೊಂಡಿತು. ಬೆಳಗಾದರೆ ಗಿಡದ ಬುಡದಲ್ಲಿ ಉದುರಿದ ಕಾಯಿಗಳು. ಅವುಗಳನ್ನು ಮಡಿಲಿಗೆ ತುಂಬಿಕೊಂಡು ಅರಳಿಕಟ್ಟೆಗೆ ಬಂದು ಯಜಮಾನನ ಮುಂದೆ ಸುರಿದಳು.

"ಕುಂಟೇಲಿ ನೀರು ನಿಂತ್ಮೇಲೆ ನನ್ ಬಾವಿ ಇಳೀತಾ ಐತೆ ಕಣಣ್ಣ."

"ಅರಿಶ್ನ ಹಾಕಿ ನೋಡ್ಲಿಲ್ವೇನಮ್ಮ," ಎಂದ ಅಪ್ಪಯ್ಯಣ್ಣ. "ನಿನ್ ಬಾವೀಗೆ ಹಳ್ದಿ ಬಂದಿತ್ತಾ?"

"ಇಲ್ಲ."

"ಮತ್ತೆ?"

ಅತ್ತಿಗೆ ಕಾಯಿಗಳನ್ನು ಮತ್ತೆ ಮಡಿಲಿಗೆ ತುಂಬಿಕೊಂಡು ಹೋದಳು. ನಮಗೂ ತಲೆ ಕೆಟ್ಟಿತ್ತು. ಕುಂಟೆ ಖಾಲಿಯಿದ್ದಾಗ ಬಾವಿ ತುಂಬಿತ್ತು, ಕುಂಟೆ ತುಂಬಿದಾಗ ಬಾವಿ ಖಾಲಿ. ಅರಿಶಿನ ಸುಳ್ಳು ಹೇಳುತ್ತದೆಯೇ? ಗಣಿಯವರ ವಿಷಯ ನಾನು ಮತ್ತೊಮ್ಮೆ ಎತ್ತಿದೆ, ಈ ಸಲ ಯಾರೂ ಕೇಳಿಸಿಕೊಳ್ಳಲಿಲ್ಲ.

ಇಷ್ಟರಲ್ಲಿ ಆರಿದ್ರೆ ಮಳೆ ಬಂತು. ಕುಂಟೆ ಮೊದಲೇ ತುಂಬಿ ಕುಳಿತಿತ್ತಲ್ಲ, ಹೊಸ ನೀರಿಗೆ ಜಾಗವೇ ಇರಲಿಲ್ಲ. ಕೋಡಿ ಹರಿದು ಹಳೆಯ ದಾರಿಯಲ್ಲೇ ಬೀದಿಗೆ ಇಳಿಯಿತು. ಅಪ್ಪಯ್ಯಣ್ಣನ ಅಡುಗೆಮನೆಗೆ ನುಗ್ಗಿ, ಮುದ್ದೆ ಬೇಯುತ್ತಿದ್ದ ಒಲೆ ಆರಿಸಿ, ಮುದ್ದೆಯ ಕೋಲನ್ನು ಹೊತ್ತುಕೊಂಡು ಹೊರಟಿತು. ಅವನ ಹೆಂಡತಿ ಅದನ್ನು ಬೆನ್ನಟ್ಟಿ ಕೆರೆಯವರೆಗೆ ಓಡಿದಳು. ಕುಂಟೆಯಲ್ಲಿ ನೀರು ನಿಂತರೆ ಬೀದಿಗೆ ಬರುತ್ತದೆ, ನಿಲ್ಲದಿದ್ದಾಗ ಬರುತ್ತಿರಲಿಲ್ಲ. ಇದು ಯಾವ ಸೀಮೆ ಕುಂಟೆಯೋ ಎಂದು ಊರು ಗೊಣಗಿತು.

ಮಾರನೆಯ ಬೆಳಿಗ್ಗೆ ಅತ್ತಿಗೆ ಹಳ್ಳದ ಕಡೆ ಹೊರಟಳು, ಬಿಂದಿಗೆ ಹಿಡಿದು ನಾನೂ ಹೋದೆ. ಹಳ್ಳದಲ್ಲಿ ಕೆಮ್ಮಣ್ಣು ನೀರು ಹರಿಯುತ್ತಿತ್ತು. ಅವಳು ಪಕ್ಕದ ಮರಳಲ್ಲಿ ಒರತೆ ತೋಡಿ, ಗುಂಡಿಯಲ್ಲಿ ಊರಿಬಂದ ನೀರನ್ನು ಚಿಪ್ಪಿನಿಂದ ತುಂಬುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. ಗುಂಡಿಯನ್ನು ನೋಡಿದಳು, ಹಳ್ಳವನ್ನು ನೋಡಿದಳು. ಬೈರಣ್ಣನನ್ನು ಕರೆದುಕೊಂಡು ಬಾ ಎಂದು ನನ್ನನ್ನು ಓಡಿಸಿದಳು.

ಬೈರಣ್ಣ ಬಂದು ನಿಂತ. ಅತ್ತಿಗೆ ಹಳ್ಳದ ಕಡೆ ಕೈ ತೋರಿಸಿದಳು.

"ಅಲ್ಲಿ ಹರೀತಿರೋ ನೀರು ಯಾವ ಬಣ್ಣ ಬೈರಣ್ಣ?"

"ಕೆಂಪು."

"ಈ ಗುಂಡೀದು?"

"ಒರತೆ ನೀರು ತಿಳೀನೇ ಅಲ್ವಾ ಮುನಿಲಕ್ಷ್ಮಕ್ಕ. ಹುಟ್ದಾಗಿಂದ ಕುಡೀತಿದ್ದೀವಿ."

"ಕೆಂಪು ಎಲ್ಲೋಯ್ತು?"

ಬೈರಣ್ಣ ಕುಕ್ಕರುಗಾಲಲ್ಲಿ ಕುಳಿತ. ಮರಳನ್ನು ಒಂದು ಹಿಡಿ ಎತ್ತಿ ಹಿಂಡಿದ. "ಮರಳು ಹಿಡ್ಕೊಳ್ತು," ಎಂದ.

"ಅರಿಶ್ನಾನೂ ನೆಲ ಹಿಂಗೇ ಹಿಡ್ಕೊಂಡಿದ್ರೆ?"

ಅವನ ಮುಖ ಬಾಡಿತು. ಜೇಡಿಮಣ್ಣು ಹಾಕಿ ಅವಳ ಬಾವಿಯ ಬಾಯಿ ತಾನೇ ಮುಚ್ಚಿದೆನೋ ಏನೋ ಎಂದು ತನಗೆ ತಾನೇ ಹೇಳಿಕೊಂಡ. ಅತ್ತಿಗೆ ತನಗೂ ಸರಿಯಾಗಿ ಗೊತ್ತಿಲ್ಲವೆಂದಳು. ಗಿಡದಲ್ಲಿ ಉಳಿದಿರುವ ಕಾಯಿ ಬೆರಳಲ್ಲಿ ಎಣಿಸುವಷ್ಟು, ಅದು ಮಾತ್ರ ಗೊತ್ತು ಎಂದಳು.

ಬೈರಣ್ಣ ನೆಟ್ಟಗೆ ಮನೆಗೆ ಹೋಗಿ ಹಾರೆ ತಂದು ಕುಂಟೆಗೆ ಇಳಿಯಲು ಹೊರಟ. ರಾಮಾಂಜಿನಪ್ಪ ಏರಿಯ ಮೇಲೆ ಅಡ್ಡ ನಿಂತ. ನೋಡಲು ಪರವೂರಿನಿಂದ ಜನ ಬರುವ ಕುಂಟೆಯನ್ನು ಕಟ್ಟಿದವನೇ ಒಡೆಯುವುದುಂಟೇ, ತನ್ನ ಕುರಿಗಳಿಗೆ ನೀರೆಲ್ಲಿ ಎಂದು ಜಗಳ ತೆಗೆದ.

"ನನ್ ತೋಟದ ತೊಟ್ಟಿಗೆ ಹೊಡ್ಕೊಂಡ್ ಬಾ," ಎಂದಳು ಅತ್ತಿಗೆ. "ಬಾವಿ ಏರಿದ್ರೆ ದಿನಾ ಸೇದಿ ತುಂಬ್ತೀನಿ. ಏರ್ಲಿಲ್ಲ ಅಂದ್ರೆ ಗಿಡಗಳ್ನೆಲ್ಲ ಕಡ್ದು ನಿನ್ ಕುರಿಗೇ ಸೊಪ್ಪು ಹಾಕ್ತೀನಿ."

ರಾಮಾಂಜಿನಪ್ಪ ಅವಳ ಮುಖ ನೋಡಿ ಪಕ್ಕಕ್ಕೆ ಸರಿದ. ಅಪ್ಪಯ್ಯಣ್ಣನಿಗೆ ಒರತೆಯ ಮಾತು ತಲೆಗೆ ಹತ್ತಲಿಲ್ಲ, ಆದರೆ ಅಡುಗೆಮನೆ ಇನ್ನೂ ಒದ್ದೆಯಾಗಿತ್ತು, ಒಡೆಯಿರಿ ಎಂದ. ಬೈರಣ್ಣ ಎದೆಮಟ್ಟದ ನೀರಿನಲ್ಲಿ ನಿಂತು ಹಾರೆಯಿಂದ ತಳ ಕುಟ್ಟಿದ. ನಾವೂ ಇಳಿದು ಗುದ್ದಲಿ, ಕಾಲು, ಕೈ ಎಲ್ಲದರಿಂದ ಜೇಡಿಯನ್ನು ಕೆತ್ತಿ ಕೆತ್ತಿ ಮೇಲಕ್ಕೆ ಎಸೆದೆವು. ನೆಲ ಎಷ್ಟು ಬಾಯಾರಿತ್ತೆಂದರೆ ನನ್ನ ಪಂಚೆಯನ್ನೇ ಒಳಗೆ ಎಳೆದುಕೊಂಡಿತು. ಇದೂ ಸುಳ್ಳೆನ್ನುತ್ತಾರೆ. ಪಂಚೆಯಿಲ್ಲದೆ ಮನೆಗೆ ಹೋದವನು ನಾನು.

ನೀರು ದಿನದಿನಕ್ಕೂ ಇಳಿದು, ಕುಂಟೆ ಖಾಲಿಯಾಯಿತು. ಅತ್ತಿಗೆಯ ಬಾವಿ ಅವತ್ತೂ ಏರಲಿಲ್ಲ, ಮಾರನೆಯ ದಿನವೂ ಇಲ್ಲ. ರಾಮಾಂಜಿನಪ್ಪ ಮಚ್ಚು ಮಸೆಯುತ್ತಾ ಕುಳಿತ. ಅತ್ತಿಗೆ ಬಿಂದಿಗೆ ಬಿಡುವಳು, ಕೆಸರು ಬರುವುದು, ಮತ್ತೆ ಬಿಡುವಳು. ಒಂದು ಮಧ್ಯಾಹ್ನ ಕೈಯಲ್ಲಿ ಇನ್ನೂ ಹಗ್ಗ ಉಳಿದಿರುವಾಗಲೇ ಬಿಂದಿಗೆ ಬುಳುಬುಳು ಎಂದು ಮುಳುಗಿತು. ಅವಳು ಸೇದಿ ತೊಟ್ಟಿಗೆ ಸುರಿದಳು. ಮೊದಲು ಕುರಿಗಳಿಗೆ, ಆಮೇಲೆ ಗಿಡಗಳಿಗೆ.

ಸುದ್ದಿ ಕೇಳಿ ಬೈರಣ್ಣ ಬಂದ. ಬಾವಿಯೊಳಗೆ ಇಣುಕಿ ನೋಡಿದ, ತಿರುಗಿ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದ ಕುಂಟೆಯನ್ನು ನೋಡಿದ.

"ಜನ ಕೇಳ್ತಾರೆ, ಏನಯ್ಯ ಕಟ್ಟಿದ್ದೀಯ ಅಂತ. ನಾನ್ ಕಟ್ಟಿದ್ದು ಕುಂಟೇನಾ, ಬಾವೀನಾ? ನಂಗೇ ಗೊತ್ತಾಗ್ತಿಲ್ಲ ಅಕ್ಕ."

"ಈ ಬಿಂದಿಗೆ ಹಿಡ್ಕೊ," ಎಂದಳು ಅತ್ತಿಗೆ. "ಕೊನೇ ಗಿಡಕ್ಕೆ ಇನ್ನೂ ನೀರ್ ಬಿಟ್ಟಿಲ್ಲ."

ಬೈರಣ್ಣ ಹೊತ್ತುಕೊಂಡು ಹೋಗಿ ಗಿಡದ ಬುಡಕ್ಕೆ ಸುರಿದ. ಪಾತಿಯಲ್ಲಿ ನೀರು ಸ್ವಲ್ಪ ಹೊತ್ತು ನಿಂತು, ನೋಡನೋಡುತ್ತಲೇ ಇಂಗಿಹೋಯಿತು. ಅವನು ಬಗ್ಗಿ ನೋಡುತ್ತಲೇ ಇದ್ದ.

"ಇದು ಈಗ ಎಲ್ಲೋಗ್ತೈತೋ," ಎಂದ.

ಅತ್ತಿಗೆ ಇನ್ನೊಂದು ಬಿಂದಿಗೆ ಸೇದಿ ಅವನ ಕೈಗೆ ಕೊಟ್ಟಳು.