ಹತ್ತು ಅಂಕದ ಚಿಕ್ಕಮ್ಮ

ಅವತ್ತು ಮೇಡಂ ಕುರ್ಚಿಯಲ್ಲಿ ಒಂದು ನಿಮಿಷ ನೆಟ್ಟಗೆ ಕೂತಿದ್ದರೆ ಕೇಳಿ. ಕಿಟಕಿ ತೆರೆದರು, ಮುಚ್ಚಿದರು. ಬೋರ್ಡು ಒರೆಸಿದರು, ಅದರ ಮೇಲೆ ಏನೂ ಬರೆದಿರಲೇ ಇಲ್ಲ.

ವಿಶ್ವವಿದ್ಯಾಲಯದಲ್ಲಿ ಹದಿನಾರು ವರ್ಷದಿಂದ ಅವರದು ಒಂದೇ ಪಾಠ. ನಗರದಲ್ಲಿ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು, ಇಬ್ಬರ ನಡುವೆ ಏನೇನು ನಡೆಯುತ್ತದೆ ಎಂಬುದು. ಪಾಠ ಪುಸ್ತಕದಲ್ಲೇ ಉಳಿಯಬಾರದು ಎಂದು ಒಂದು ದತ್ತಿ ಸಂಸ್ಥೆ ಪ್ರತಿ ವರ್ಷ ಇವರ ತರಗತಿಗೆ ನಿಜವಾದ ಕೆಲಸವನ್ನೇ ಒಪ್ಪಿಸುತ್ತಿತ್ತು. ಒಂದು ಮಗುವಿನ ಶಾಲೆಯ ಖರ್ಚು ಸಂಸ್ಥೆಯದು. ಆ ಮಗುವನ್ನು ಆರಿಸುವ ಕೆಲಸ ವಿದ್ಯಾರ್ಥಿಗಳದು. ಅರ್ಜಿ ಓದಬೇಕು, ಅಂಕ ಹಾಕಬೇಕು, ಮೊದಲು ಬಂದವರ ಮನೆಗೆ ಹೋಗಿ ನೋಡಿ ಬರಬೇಕು.

ಈ ಸಲ ಅಂಕದಲ್ಲಿ ಮೊದಲು ಬಂದ ಹುಡುಗಿಯ ಅರ್ಜಿಯನ್ನು ಲಾಯರಮ್ಮ ಎದ್ದು ನಿಂತು ಓದುತ್ತಿದ್ದಳು. ಲಾಯರಮ್ಮ ಎಂದರೆ ವಕೀಲೆಯಲ್ಲ, ಮುಂದಿನ ಬೆಂಚಿನ ವಿದ್ಯಾರ್ಥಿನಿ. ಹಾಜರಿ ಕೂಗಿದರೂ ಯಾಕೆ ಎಂದು ಕೇಳುವ ಹುಡುಗಿಗೆ ತರಗತಿ ಇನ್ನೇನು ಹೆಸರಿಟ್ಟೀತು?

“‘ನನ್ನ ತಾಯಿ ತೀರಿಕೊಂಡಿದ್ದಾರೆ. ಚಿಕ್ಕಮ್ಮ ಸಾಕುತ್ತಿದ್ದಾರೆ. ನಾನು ಉಗುರು ಕಚ್ಚಿದರೆ ಬೈಯುತ್ತಾರೆ. ನಾನು ಊಟ ಬಿಟ್ಟರೆ ತಾವೂ ಬಿಡುತ್ತಾರೆ. ಪರೀಕ್ಷೆ ಮುಗಿಯುವವರೆಗೂ ಗೇಟಿನ ಹೊರಗೇ ನಿಂತಿರುತ್ತಾರೆ.’”

“ಅಬ್ಬಾ, ಎಂಥ ಚಿಕ್ಕಮ್ಮ!” ಎಂದಿತು ಹಿಂದಿನ ಬೆಂಚು.

“ತಾಯಿ ಇಲ್ಲದ್ದಕ್ಕೆ ಹತ್ತು ಅಂಕ,” ಎಂದಳು ಲಾಯರಮ್ಮ. “ಏಳು ಅರ್ಜೀಲಿ ಐದು ಮಕ್ಕಳಿಗೆ ತಾಯಿ ಇಲ್ಲ. ಇದೇನು ಮೇಡಂ, ಈ ಊರಲ್ಲಿ ತಾಯಂದಿರೇ ಉಳೀತಿಲ್ವಾ?”

ತರಗತಿ ಗೊಳ್ಳೆಂದು ನಕ್ಕಿತು. ಮೇಡಂ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು.

ನಗು ಬರುವುದಾದರೂ ಹೇಗೆ? ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಅವರ ಹೆಸರಲ್ಲೂ ಇಂಥದ್ದೇ ಒಂದು ಅರ್ಜಿ ಹೋಗಿತ್ತು. ಬರೆದವಳು ಅವರ ಅಮ್ಮ. ಹೊಲಿಗೆ ಯಂತ್ರದ ಮೇಲೆ ಕಾಗದ ಇಟ್ಟುಕೊಂಡು, ತಾನು ಸತ್ತು ಹೋಗಿದ್ದೇನೆ ಎಂದು ಕೈಯಾರೆ ಬರೆದಳು. ಬರೆದು ಮುಗಿಸಿ, ಅರ್ಧಕ್ಕೆ ಬಿಟ್ಟಿದ್ದ ರವಿಕೆಯ ತೋಳನ್ನು ಹೊಲಿದಳು. ಮನೆ ನೋಡಲು ಬಂದವರಿಗೆ ನೀರು ತಂದುಕೊಟ್ಟು, “ನಾನು ಇವಳ ಚಿಕ್ಕಮ್ಮ” ಎಂದಳು. ಅಲ್ಲಿಂದ ಶಾಲೆ ಮುಗಿಯುವವರೆಗೆ ಮಗಳೂ ಹಾಗೇ ಕರೆದಳು. ಬಾಯಿ ತಪ್ಪಿದರೆ ಫೀಸು ನಿಂತೀತು ಎಂಬ ಭಯ. ಅಂಗಳದಲ್ಲಿ ಬಿದ್ದು ಮಂಡಿ ಒಡೆದುಕೊಂಡ ದಿನವೂ ಅವಳು ಕಿರುಚಿದ್ದು ಚಿಕ್ಕಮ್ಮಾ ಎಂದೇ.

ಅಭ್ಯಾಸ ಎಂಬ ಪೀಡೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಈಗಲೂ ಅಮ್ಮ ಇವರ ಜೊತೆಯಲ್ಲೇ ಇದ್ದಾಳೆ. ಬಾಗಿಲಿಗೆ ಯಾರಾದರೂ ಬಂದರೆ ಚಿಕ್ಕಮ್ಮ ಎಂದೇ ಹೇಳಿಕೊಳ್ಳುತ್ತಾಳೆ. ಮೇಡಂ ಒಂದು ದಿನವೂ ತಿದ್ದಿಲ್ಲ. ಮೊದಮೊದಲು ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಅದೇ ರೂಢಿ. ಇಷ್ಟಿದ್ದೂ, ತಾಯಿ ಇಲ್ಲದವರಿಗೆ ಹತ್ತು ಅಂಕ ಎಂಬ ಆ ಸಾಲನ್ನು, ಅರ್ಜಿಯ ಜೊತೆಗೇ ಮನೆಮನೆಗೆ ಹೋಗುವ ಅಂಕಪಟ್ಟಿಯಲ್ಲಿ ಬರೆದವರು ಯಾರು? ಇದೇ ಮೇಡಂ! ಬರೆಯುವಾಗ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಏನೋ.

ಮರುದಿನ ಮಧ್ಯಾಹ್ನ ಲಾಯರಮ್ಮನೂ ಇನ್ನಿಬ್ಬರು ವಿದ್ಯಾರ್ಥಿಗಳೂ ಆ ಹುಡುಗಿಯ ಮನೆಗೆ ಹೊರಟರು. ಮೇಡಂ ಜೊತೆಗೆ ಹೋಗುವ ಪದ್ಧತಿಯಿರಲಿಲ್ಲ, ಆದರೂ ಹೋದರು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಇದ್ದರು. ಊಟ ಬಿಡುವ, ಗೇಟಿನ ಹೊರಗೆ ನಿಲ್ಲುವ ಆ ಚಿಕ್ಕಮ್ಮ ಯಾರೆಂದು ಅರ್ಜಿ ಕಿವಿಗೆ ಬಿದ್ದಾಗಲೇ ಅವರಿಗೆ ಗೊತ್ತಾಗಿತ್ತು. ನಿಜ ಹೇಳಿದರೆ ಹುಡುಗಿಯ ಓದಿಗೆ ಕಲ್ಲು ಬೀಳುತ್ತದೆ. ಹೇಳದಿದ್ದರೆ ಇನ್ನೊಬ್ಬಳು ತಾಯಿ ಬದುಕಿರುವಾಗಲೇ ಸತ್ತವಳಾಗುತ್ತಾಳೆ. ಇಳಿಯುವ ಸ್ಟಾಪು ಬಂದರೂ ಅವರ ಮನಸ್ಸು ಒಂದು ಕಡೆಗೆ ನಿಂತಿರಲಿಲ್ಲ.

ನಾಲ್ಕನೇ ಮಹಡಿಯಲ್ಲಿ ಒಂದೇ ಕೋಣೆ. ಅರ್ಧ ಕೋಣೆಯಲ್ಲಿ ಇಸ್ತ್ರಿಯ ಮೇಜು, ಮೇಜಿನ ತುಂಬ ಬೇರೆಯವರ ಅಂಗಿಗಳು. ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಹೆಂಗಸು ಇಸ್ತ್ರಿಪೆಟ್ಟಿಗೆ ಆರಿಸಿ, ನೀರು ತಂದುಕೊಟ್ಟು, ಯಾರೂ ಕೇಳುವ ಮೊದಲೇ, “ನಾನು ಇವಳ ಚಿಕ್ಕಮ್ಮ” ಎಂದಳು.

ಲಾಯರಮ್ಮ ಪೆನ್ನು ತೆಗೆದಳು. “ನಿಮ್ಮಕ್ಕ ತೀರಿಕೊಂಡು ಎಷ್ಟು ವರ್ಷ ಆಯ್ತು?”

“ಎರಡು,” ಎಂದಳು ಹೆಂಗಸು.

“ಐದು,” ಎಂದಳು ಹುಡುಗಿ, ಅದೇ ಹೊತ್ತಿಗೆ.

ಹುಡುಗಿಯ ಬೆರಳು ಬಾಯಿಗೆ ಹೋಯಿತು. “ಉಗುರು!” ಎಂದು ಗದರಿದಳು ಹೆಂಗಸು.

“ಮೇಡಂ, ಸುಳ್ಳು ಹೇಳಿದ್ರೆ ಅರ್ಜಿ ತಳ್ಳಿಹಾಕ್ಬೇಕಲ್ವಾ?” ಲಾಯರಮ್ಮನ ದನಿಯೂ ಇಳಿದಿತ್ತು.

“ಹಾಗಾದ್ರೆ ಮೊದಲು ನನ್ನ ಡಿಗ್ರಿ ವಾಪಸ್ ಕಿತ್ಕೊಳ್ಳಿ,” ಎಂದರು ಮೇಡಂ.

ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಹೊಲಿಗೆ ಯಂತ್ರ, ಕಾಗದ, ಮಂಡಿ ಒಡೆದುಕೊಂಡ ದಿನ, ಎಲ್ಲವನ್ನೂ ಆ ಇಸ್ತ್ರಿಯ ಮೇಜಿನ ಮುಂದೆ ಹೇಳಿಬಿಟ್ಟರು. ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು.

“ಇವರು ಸುಳ್ಳು ಹೇಳಿದ್ರು ನಿಜ. ಹೇಳಿಸಿದ್ದು ನನ್ನ ಅಂಕಪಟ್ಟಿ. ಆ ಸಾಲು ಏಳೂ ಹಾಳೇಲಿ ಹೊಡೆದುಹಾಕಿ, ಮತ್ತೆ ಕೂಡಿ,” ಎಂದರು ಮೇಡಂ ವಿದ್ಯಾರ್ಥಿಗಳಿಗೆ.

“ಕೂಡಿದ್ರೆ ಇವಳು ಕೆಳಗೆ ಹೋದ್ರೆ?” ಎಂದಳು ಲಾಯರಮ್ಮ.

ಅದಕ್ಕೆ ಉತ್ತರ ಹೆಂಗಸು ಕೊಟ್ಟಳು. “ಹೋದ್ರೆ ಹೋಗ್ಲಿ ಕಣಮ್ಮ. ಇವಳು ಚಿಕ್ಕಮ್ಮ ಅಂದಾಗೆಲ್ಲ ನನ್ನ ಹೊಟ್ಟೇಲಿ ಬೆಂಕಿ ಬಿದ್ದಂಗಾಗುತ್ತೆ.”

“ಅಮ್ಮ,” ಎಂದಳು ಹುಡುಗಿ, ಯಾರಿಗೂ ಕೇಳಿಸದ ಹಾಗೆ. ಎಲ್ಲರಿಗೂ ಕೇಳಿಸಿತು.

ವಾಪಸ್ ಬರುವ ಬಸ್ಸಿನಲ್ಲೇ ಲಾಯರಮ್ಮ ಏಳು ಹಾಳೆಗಳನ್ನೂ ತೊಡೆಯ ಮೇಲೆ ಹರವಿಕೊಂಡು, ಸಾಲು ಹೊಡೆದು, ಎರಡೆರಡು ಸಲ ಕೂಡಿದಳು. “ಮೇಡಂ, ಆ ಹತ್ತು ತೆಗೆದ್ರೂ ಇವಳೇ ಮೊದಲು. ಸುಳ್ಳು ಬೇಕಾಗೇ ಇರ್ಲಿಲ್ಲ.”

ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಬೆನ್ನಿಗೇ ಇನ್ನೊಂದು ಯೋಚನೆ ಬಂತು ಮೇಡಂಗೆ. ಹಾಗಾದರೆ ಅವತ್ತು ಅಮ್ಮನೂ ಸುಮ್ಮನೆ ಸತ್ತಳೇ?

ಸಂಜೆ ಸಹಿ ಹಾಕಿಸಿಕೊಳ್ಳಲು ಲಾಯರಮ್ಮ ಮೇಡಂ ಮನೆಗೇ ಬಂದಳು. ಬಾಗಿಲು ತೆರೆದದ್ದು ಅಮ್ಮ. ಲಾಯರಮ್ಮನ ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಪೆನ್ನು. ಅದನ್ನು ಕಂಡದ್ದೇ ಅಮ್ಮನ ಬೆನ್ನು ನೆಟ್ಟಗಾಯಿತು.

“ಬಾಮ್ಮ, ಅವಳು ಒಳಗಿದ್ದಾಳೆ. ನಾನು ಅವಳ ಚಿಕ್ಕ...”

“ಅಮ್ಮಾ!” ಅಡುಗೆಮನೆಯಿಂದ ಮೇಡಂ ಕೂಗಿದ್ದು ಮೆಟ್ಟಿಲ ಕೆಳಗಿನ ಮನೆಯವರಿಗೂ ಕೇಳಿಸಿರಬೇಕು. ಒದ್ದೆ ಕೈಯಲ್ಲೇ ಓಡಿ ಬಂದರು. “ಅಮ್ಮ, ಯಾರೇ ಅದು ಬಂದಿರೋದು?”

ಅಮ್ಮ ಗಾಬರಿಯಿಂದ ತಿರುಗಿ ಮಗಳ ಬಾಯಿಗೇ ಕೈ ಅಡ್ಡ ಹಿಡಿದಳು. “ಶ್! ಸುಮ್ನಿರೇ, ಕೈಯಲ್ಲಿ ಕಾಗದ ಇದೆ. ನೋಡೋಕೆ ಬಂದಿದ್ದಾರೆ!”

ಮೇಡಂ ಆ ಕೈಯನ್ನು ಹಿಡಿದು ಕೆಳಗಿಳಿಸಿದರು, ಬಿಡಲಿಲ್ಲ.

“ನೋಡ್ಲಿ ಬಿಡಮ್ಮ,” ಎಂದರು. “ನಿನ್ನನ್ನೇ ನೋಡ್ಲಿ.”