ಭಾನುವಾರ ಬಾರದ ಹೊಟ್ಟೆನೋವು

ಮಿಕ್ಸಿ ರಿಪೇರಿ ತಾತನ ಮೊಮ್ಮಗಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಯೂನಿಫಾರ್ಮ್ ಕಂಡರೆ ಶುರು, ಶಾಲೆಯ ಹೊತ್ತು ಮೀರಿದರೆ ಮಾಯ. ಭಾನುವಾರ ಅದರ ಸುಳಿವೇ ಇಲ್ಲ.

ಹುಟ್ಟಿದಾಗ ತೀರಾ ಪುಟ್ಟಗಿದ್ದಳೆಂದು ತಾತ ಅವಳಿಗೆ ಇಟ್ಟ ಹೆಸರು ಜೀರಿಗೆ. ಈಗ ಮೂರನೇ ಕ್ಲಾಸು. ಅವಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ತಾತ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಅಂಗಡಿಯಲ್ಲಿ ಪಕ್ಕದಲ್ಲೇ ಕೂತು, ಸ್ಕ್ರೂಗಳನ್ನು ಅಳತೆ ನೋಡಿ ಡಬ್ಬಿಗೆ ಹಾಕುವ ಮೊಮ್ಮಗಳೆಂದರೆ ಅವನಿಗೆ ಜೀವ. ಆದರೆ ಈ ಹೊಟ್ಟೆನೋವನ್ನು ಮಾತ್ರ ಅವನು ನಂಬಲಿಲ್ಲ.

"ಹಠ ಕಣಮ್ಮ. ಮುದ್ದು ಮಾಡಿ ತಲೆ ಮೇಲೆ ಕೂರಿಸ್ಕೊಂಡಿದ್ದೀವಿ," ಎಂದ ಸೊಸೆಗೆ. "ಇವತ್ತು ನಾನೇ ಬಿಟ್ಟು ಬರ್ತೀನಿ."

ಶಾಲೆಯ ಗೇಟಿನ ಬಳಿ ಜೀರಿಗೆ ಕಂಬ ಹಿಡಿದು ನಿಂತಳು. ತಾತ ಬೆರಳು ಬಿಡಿಸಿ, ಎತ್ತಿಕೊಂಡು ಒಳಗೆ ನಡೆದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳೆಲ್ಲ ಕೂಗುತ್ತ ಓಡಿದರು. ಜೀರಿಗೆ ಅವನ ಹೆಗಲ ಮೇಲೆಯೇ ವಾಂತಿ ಮಾಡಿಕೊಂಡಳು. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿದ್ದಳು, ಅಳುತ್ತಲೂ ಇರಲಿಲ್ಲ. ಅವಳ ಪುಟ್ಟ ಎದೆ ಹೊಡೆದುಕೊಳ್ಳುವುದು ಅವನ ಎದೆಗೆ ತಿಳಿಯುತ್ತಿತ್ತು.

ಶಾಲೆಗೆ ಹೊಸದಾಗಿ ಬಂದಿದ್ದ ವಿಶೇಷ ಮಕ್ಕಳ ಟೀಚರ್ ಇದನ್ನು ಕಂಡು, ಇಬ್ಬರನ್ನೂ ಖಾಲಿ ಲೈಬ್ರರಿಗೆ ಕರೆದೊಯ್ದರು. ಏನೂ ಕೇಳಲಿಲ್ಲ. ನೀರು ಕೊಟ್ಟರು, ಲೈಟ್ ಆರಿಸಿದರು, ದೂರ ಕೂತರು. ಸ್ವಲ್ಪ ಹೊತ್ತಿಗೆ ಜೀರಿಗೆಯ ಕೈ ಕಿವಿಯಿಂದ ಇಳಿಯಿತು.

"ನಾಟಕ ಅಂದ್ಕೊಂಡಿದ್ದೆ ಮೇಡಂ," ಎಂದ ತಾತ. "ನನ್ನ ಅಂಗಡೀಲಿ ದಿನವಿಡೀ ಮಿಕ್ಸಿ ಗರ್ ಅಂತಿರತ್ತೆ. ಅಲ್ಲಿ ಜಪ್ಪಯ್ಯ ಅಂದ್ರೂ ಜಗ್ಗಲ್ಲ ಇವಳು. ಇಲ್ಲಿ ಒಂದು ಗಂಟೆ ಸದ್ದಿಗೆ ಹೀಗಾಗ್ತಾಳಾ?"

"ಮಿಕ್ಸಿ ಹಾಕೋ ಮೊದಲು ನೀವೇನು ಮಾಡ್ತೀರಿ ತಾತ?"

"ಏನಿಲ್ಲ. 'ಹಾಕ್ಲಾ ಜೀರಿಗೆ?' ಅಂತೀನಿ. ಅವಳು ಕಿವಿ ಮುಚ್ಕೊಂಡು ಹೂಂ ಅಂತಾಳೆ. ಆಮೇಲೆ ಸ್ವಿಚ್ ಒತ್ತೋದು."

ಟೀಚರ್ ಮುಗುಳ್ನಕ್ಕರು. "ಅದೇ ಅವಳಿಗೆ ಇಲ್ಲಿ ಸಿಕ್ತಿಲ್ಲ. ಗಂಟೆ ಯಾವಾಗ ಹೊಡೆಯತ್ತೋ, ಯಾರು ಬಂದು ಮೈಮೇಲೆ ಬೀಳ್ತಾರೋ, ಯಾವ ಪಾಠ ಬದಲಾಗತ್ತೋ, ಒಂದೂ ಗೊತ್ತಿರಲ್ಲ. ಆಟಿಸಂ ಇರೋ ತುಂಬಾ ಮಕ್ಕಳಿಗೆ ಈ ಆತಂಕ ಇರತ್ತೆ. ಬಾಯಿಗೆ ಹೇಳೋಕೆ ಬರದೇ ಇದ್ದಾಗ ಹೊಟ್ಟೆ ಹೇಳತ್ತೆ. ಆ ನೋವು ಸುಳ್ಳಲ್ಲ ತಾತ."

"ಹಾಗಾದ್ರೆ ಮನೇಲೇ ಇಟ್ಕೊಳ್ತೀನಿ. ಕಣ್ಮುಂದೆ ಇರ್ಲಿ."

"ಮನೇಲಿ ಇಟ್ಕೊಂಡ್ರೆ ಭಯ ಇನ್ನೂ ಬೆಳೆಯತ್ತೆ. ಗದರಿಸಿದ್ರೂ ಬೆಳೆಯತ್ತೆ. ಮೊದಲು ನಾವು ಶಾಲೇಲಿ ಸ್ವಲ್ಪ ಬದಲಾಗೋಣ."

ಕ್ಲಾಸ್ ಟೀಚರ್ ಹಿಂದೇಟು ಹಾಕಿದರು. "ಇಷ್ಟು ಮಕ್ಕಳಲ್ಲಿ ಒಬ್ಬಳನ್ನೇ ನೋಡ್ಕೊಂಡು ಕೂರೋಕಾಗತ್ತಾ?" ಆದರೂ ಕೆಲವು ದಿನ ನೋಡೋಣವೆಂದು ಒಪ್ಪಿದರು.

ಅಂದಂದಿನ ಪಾಠಗಳ ಚಿತ್ರಗಳನ್ನು ಹಿಂದಿನ ಸಂಜೆಯೇ ಬೋರ್ಡಿನ ಪಕ್ಕ ಸಾಲಾಗಿ ಅಂಟಿಸತೊಡಗಿದರು. ಉಳಿದ ಮಕ್ಕಳೂ ಅದನ್ನೇ ನೋಡತೊಡಗಿ, "ಮಿಸ್, ಮುಂದೇನು ಮಿಸ್?" ಎಂಬ ಕಾಟವೇ ತಪ್ಪಿತು. ಗಂಟೆ ಹೊಡೆಯುವ ಮುಂಚೆ ಮೆಲ್ಲಗೆ ಹೇಳುವುದು, ಗುಂಪು ಸೇರುವ ಮೊದಲೇ ಅವಳನ್ನು ಕ್ಲಾಸಿಗೆ ಬಿಡುವುದು ರೂಢಿಯಾಯಿತು. ಅವಳ ಡೆಸ್ಕಿನಲ್ಲಿ ಒಂದು ಕೆಂಪು ಚೀಟಿ ಇಟ್ಟರು. ತಡೆಯಲಾಗದಿದ್ದರೆ ಅದನ್ನು ತೋರಿಸಿ ಲೈಬ್ರರಿಯ ಮೂಲೆಗೆ ಹೋಗಬಹುದು, ಯಾಕೆಂದು ಯಾರೂ ಕೇಳುವಂತಿಲ್ಲ. ಮೊದಮೊದಲು ಅರ್ಧ ದಿನ ಮಾತ್ರ ಶಾಲೆ. ಅಷ್ಟು ಹೊತ್ತೂ ತಾತ ಗೇಟಿನಾಚೆಯ ಬೆಂಚಿನಲ್ಲೇ. ಅಂಗಡಿ ಮುಚ್ಚಿದ್ದು ಕಂಡ ಗಿರಾಕಿಗಳು ಬೈದುಕೊಳ್ಳುತ್ತ ಅಲ್ಲಿಗೇ ಮಿಕ್ಸಿ ಹೊತ್ತು ತಂದರು.

ಎಲ್ಲ ದಿನವೂ ಸಲೀಸಾಗಿರಲಿಲ್ಲ. ಜೀರಿಗೆ ಪೂರ್ತಿ ದಿನ ಶಾಲೆಯಲ್ಲಿರತೊಡಗಿದ ಮೇಲೆ ಒಮ್ಮೆ ಕ್ಲಾಸ್ ಟೀಚರ್ ಬೆಳಗಿನ ಅರ್ಧ ದಿನ ರಜೆ ಹಾಕಿದರು. ಬದಲಿಗೆ ಬಂದವರಿಗೆ ಏನೂ ತಿಳಿಯದು. ಅವರು ದನಿ ಏರಿಸಿದ್ದೇ ಜೀರಿಗೆ ಡೆಸ್ಕಿನ ಕೆಳಗೆ ಮುದುರಿ ಕೂತಳು. ಪಕ್ಕದಲ್ಲಿ ಕೂರುವ ಹುಡುಗಿ ಸದ್ದಿಲ್ಲದೆ ಚೀಟಿ ತೆಗೆದು ಕೆಳಗೆ ಚಾಚಿದಳು. ಜೀರಿಗೆ ಅದನ್ನು ಹೊಸ ಟೀಚರಿಗೆ ತೋರಿಸಿ, ತಾನಾಗಿ ಲೈಬ್ರರಿಗೆ ಹೋಗಿ, ತಾನಾಗಿಯೇ ಮರಳಿ ಬಂದಳು.

ಸಂಜೆ ಇದನ್ನು ಹೇಳಲು ಕ್ಲಾಸ್ ಟೀಚರೇ ಗೇಟಿನವರೆಗೆ ಬಂದರು. "ಅಂಥದ್ದೊಂದು ಚೀಟಿ ನನಗೂ ಬೇಕಿತ್ತು ತಾತ," ಎಂದು ನಕ್ಕರು.

ಮನೆಯ ದಾರಿಯಲ್ಲಿ ಜೀರಿಗೆ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು: "ನಾಳೆ ಮೊದಲು ಲೆಕ್ಕ. ಆಮೇಲೆ ಡ್ರಾಯಿಂಗ್. ಆಮೇಲೆ ಊಟ."

ಶಾಲೆಯ ನಾಳೆಯ ಬಗ್ಗೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ತಾತ ಹೆಜ್ಜೆ ಬಿರುಸು ಮಾಡಿ ಅವಳ ಪಕ್ಕಕ್ಕೆ ಬಂದ. "ಊಟ ಆದ್ಮೇಲೆ?" ಎಂದಷ್ಟೇ ಕೇಳಿದ. ಅವಳು ಹೇಳುತ್ತಲೇ ಹೋದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗುವಿದ್ದರೆ, ಹಠಮಾರಿ ಎನ್ನುವ ಮುಂಚೆ ಅದಕ್ಕೆ ಯಾವುದರ ಹೆದರಿಕೆ ಎಂದು ನೋಡಿ. ಹೊಟ್ಟೆನೋವೆಂದರೆ ಡಾಕ್ಟರಿಗೂ ತೋರಿಸಿ. ಮನೆಯಲ್ಲಿ ಏನು ಮಾಡಿದರೆ ಮಗುವಿಗೆ ಸಮಾಧಾನ ಎಂಬುದನ್ನು ಶಾಲೆಗೆ ಹೋಗಿ ಹೇಳಿ. ಶಿಕ್ಷಕರೇ, ಮುಂದೇನಾಗುತ್ತದೆಂದು ಮಗುವಿಗೆ ಮೊದಲೇ ತಿಳಿಸಿ, ಉಸಿರು ಬಿಡಲು ಒಂದು ಮೂಲೆ ಕೊಡಿ. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ನಾಳೆ ಬೆಳಿಗ್ಗೆಯೇ ಶುರು ಮಾಡಬಹುದು.